ಹಿಂದೂಪುರದ ಸೆಪ್ಟೆಂಬರ್, ಕಲ್ಯಾಣದುರ್ಗದ ಜುಲೈ



ಬೆಂಗಳೂರಿನಿಂದ ಗುಂತಕಲ್ಲಿನ ಕಡೆಗೆ ಹೋಗುವ ರೈಲು ಹತ್ತಿ ಕೂತರೆ, ಗೌರಿಬಿದನೂರು ದಾಟಿದ ಮೇಲೆ ರಾಜ್ಯ ಬದಲಾದದ್ದು ಗೊತ್ತೇ ಆಗುವುದಿಲ್ಲ. ಅದೇ ಕೆಂಪು ಮಣ್ಣು, ಅದೇ ಬೋಳು ಗುಡ್ಡ, ಅದೇ ಹುಣಸೆ ಮರ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ಉತ್ತರ ಪಿನಾಕಿನಿ ಹೀಗೇ ಗಡಿ ದಾಟಿ ಹಿಂದೂಪುರದ ಸೀಮೆಗೆ ಬರುತ್ತಾಳೆ. ದೇವರಾಯನದುರ್ಗದ ಕಡೆಯ ಜಯಮಂಗಲಿ ಬಂದು ಅವಳನ್ನು ಕೂಡಿಕೊಳ್ಳುತ್ತಾಳೆ. ಹೆಚ್ಚಿನ ವರ್ಷ ಇಬ್ಬರಲ್ಲೂ ಕಾಣುವುದು ಮರಳೇ.

ಹಿಂದೂಪುರವೆಂದರೆ ಬೆಲ್ಲ, ಹುಣಸೆ, ಮೆಣಸಿನಕಾಯಿಯ ಮಂಡಿ, ರೇಷ್ಮೆಗೂಡಿನ ಮಾರುಕಟ್ಟೆ, ಹತ್ತಿರದಲ್ಲೇ ಲೇಪಾಕ್ಷಿ. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಅಲ್ಲಿಂದ ವಾಯವ್ಯಕ್ಕೆ, ನಮ್ಮ ಪಾವಗಡವನ್ನು ಎಡಕ್ಕೆ ಬಿಟ್ಟು ಹೋದರೆ ಕಲ್ಯಾಣದುರ್ಗ. ಅದು ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಹಿಂದೂಪುರದ ಪಡುವಣಕ್ಕಿರುವ ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರಗಳಲ್ಲಿ ಮನೆಮಾತು ಕನ್ನಡವಾಗಿರುವ ಎಷ್ಟೋ ಊರುಗಳಿವೆ. ಅಮರಾಪುರದ ಪಕ್ಕದ ಹೇಮಾವತಿ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು.

ಗುಡಿ-ಶಾಸನಗಳ ಮಾತನ್ನು ಬೇರೆಯವರು ಬೇಕಾದಷ್ಟು ಆಡಿದ್ದಾರೆ. ಈ ಸೀಮೆಯನ್ನು ನಾನು ಇವತ್ತು ಪರಿಚಯ ಮಾಡಿಕೊಡುವುದು ಹವಾಮಾನ ಕೇಂದ್ರದ ತಿಂಗಳ ಲೆಕ್ಕದ ಹಾಳೆಯ ಮೂಲಕ. ನೋಡುವುದಕ್ಕೆ ಬರೀ ಅಂಕಿಗಳ ಸಾಲು. ಓದುವುದು ಗೊತ್ತಾದರೆ ಊರಿನ ಬಾಳುವೆಯೆಲ್ಲ ಅದರಲ್ಲೇ ಇದೆ.

ಮೊದಲು ದೊಡ್ಡ ಅಂಕಿ. ಹಳೆಯ ಅವಿಭಜಿತ ಅನಂತಪುರ ಜಿಲ್ಲೆಯ ವಾರ್ಷಿಕ ವಾಡಿಕೆ ಮಳೆ ಸುಮಾರು 550 ಮಿಲಿಮೀಟರ್. ದೇಶದಲ್ಲಿ ಜೈಸಲ್ಮೇರ್ ಬಿಟ್ಟರೆ ಅತಿ ಕಡಿಮೆ ಮಳೆ ಇಲ್ಲೇ ಎಂದು ಬರೆಯುವ ರೂಢಿ ಬಂದುಬಿಟ್ಟಿದೆ. ಬಾರ್ಮೇರ್, ಬಿಕಾನೇರ್‌ಗಳಲ್ಲಿ ಇದರ ಅರ್ಧದಷ್ಟು ಬಿದ್ದರೆ ಹೆಚ್ಚು. ಹಾಗಾಗಿ ಆ ಮಾತು ನನಗಂತೂ ಅತಿಯೆನಿಸುತ್ತದೆ. ಇಲ್ಲಿನ ತೊಂದರೆ ಮಳೆ ಎಷ್ಟು ಅನ್ನುವುದಕ್ಕಿಂತ ಯಾವಾಗ ಅನ್ನುವುದರಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾರು 340, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 155ರ ಆಸುಪಾಸು. ಉಳಿದದ್ದು ಹೆಚ್ಚಾಗಿ ಬೇಸಿಗೆಯ ಗುಡುಗು ಮಳೆ. ಮುಂಗಾರಿಗೆ ಪಶ್ಚಿಮಘಟ್ಟ ಅಡ್ಡ, ಹಿಂಗಾರಿಗೆ ಬಂಗಾಳ ಕೊಲ್ಲಿ ದೂರ. ಎರಡು ಮಳೆಗಾಲಗಳ ಕೊನೆಯ ತುತ್ತು ಈ ಊರುಗಳ ಪಾಲಿಗೆ.

ಹಾಳೆಯಲ್ಲಿ ಜುಲೈ ನೋಡಿ. ಮಲೆನಾಡಿನಲ್ಲಿ ಬಾಗಿಲು ತೆರೆಯಲಾಗದಂಥ ತಿಂಗಳು, ಕಲ್ಯಾಣದುರ್ಗದ ಕಡೆ ಗಾಳಿಯ ತಿಂಗಳು. ಪಡುವಣ ಗಾಳಿ ಹಗಲೂ ರಾತ್ರಿ ಬೀಸುತ್ತದೆ. ಮೋಡ ಬರುತ್ತದೆ, ನಿಲ್ಲುವುದಿಲ್ಲ. ಈ ಗಾಳಿಯನ್ನು ನಂಬಿಯೇ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಎದ್ದಿವೆ. ಕಣೇಕಲ್ಲಿನ ಹತ್ತಿರ ಹಗರಿ ನದಿಯ ಮರಳನ್ನು ಹೊಲಕ್ಕೆ ಹೊತ್ತು ಹಾಕುವುದೂ ಇದೇ ಗಾಳಿ. ಮಳೆಯ ಕಾಲಮ್ಮು ಬಡವಾಗಿರುವಾಗ ಪಕ್ಕದ ಗಾಳಿಯ ಕಾಲಮ್ಮು ದಷ್ಟಪುಷ್ಟ. ಎರಡನ್ನೂ ಒಟ್ಟಿಗೆ ಓದಿದರೆ ತೇವ ಎಲ್ಲಿಗೆ ಹೋಯಿತೆಂದು ತಿಳಿಯುತ್ತದೆ.

ಸೆಪ್ಟೆಂಬರ್‌ಗೆ ಬಂದರೆ ಚಿತ್ರವೇ ಬೇರೆ. ಹುಬ್ಬೆ, ಉತ್ತರೆ ಮಳೆಗಳ ತಿಂಗಳದು. ವರ್ಷದಲ್ಲಿ ಈ ಸೀಮೆ ಹೆಚ್ಚು ನೆಚ್ಚಿಕೊಂಡಿರುವುದು ಸೆಪ್ಟೆಂಬರ್ ಮತ್ತು ಅಕ್ಟೋಬರನ್ನು. ನಮ್ಮ ರೈತರು ಮಳೆಯನ್ನು ಹದಿಮೂರು-ಹದಿನಾಲ್ಕು ದಿನಕ್ಕೊಂದು ನಕ್ಷತ್ರದಂತೆ ಲೆಕ್ಕ ಹಾಕುತ್ತಾರೆ, ಗಡಿಯಾಚೆ ತೆಲುಗಿನವರು ಕಾರ್ತೆಗಳಲ್ಲಿ. ಬೆಳೆಯ ದೃಷ್ಟಿಯಿಂದ ನೋಡಿದರೆ ತಿಂಗಳ ಲೆಕ್ಕಕ್ಕಿಂತ ಈ ಹಳೆಯ ಲೆಕ್ಕವೇ ಸೂಕ್ಷ್ಮ. ಮೂವತ್ತು ದಿನ ಒಣಗಿದ ಮೇಲೆ ಶೇಂಗಾ ಗಿಡಕ್ಕೆ ಸರಾಸರಿ ಹೇಳಿ ಸಮಾಧಾನ ಮಾಡಲಾಗದು.

ಈ ಅಂಕಿ ಹುಟ್ಟುವುದು ಹೇಗೆ ಅನ್ನುವುದನ್ನೂ ಕೇಳಿ. ಬಯಲಿನಲ್ಲಿ ಬೇಲಿ ಹಾಕಿದ ಒಂದಿಷ್ಟು ಜಾಗ. ಅದರಲ್ಲಿ ಕಾಲುಗಳ ಮೇಲೆ ನಿಂತ ಬಿಳಿ ಬಣ್ಣದ ಮರದ ಪೆಟ್ಟಿಗೆ. ಗಾಳಿಯಾಡಲೆಂದು ಗೋಡೆಗೆಲ್ಲ ಓರೆಪಟ್ಟಿಗಳು, ಬಿಸಿಲು ಒಳಗೆ ಬೀಳದಿರಲೆಂದು ಬಾಗಿಲು ಉತ್ತರಕ್ಕೆ. ದಿನದ ಗರಿಷ್ಠ, ಕನಿಷ್ಠ ಉಷ್ಣಾಂಶ ತೋರಿಸುವ ಮಾಪಕಗಳು ಇರುವುದು ಅದರೊಳಗೆ. ಸ್ವಲ್ಪ ಆಚೆ, ಮರಗಿಡಗಳ ಮರೆಯಿಲ್ಲದ ಕಡೆ ಮಳೆಮಾಪಕ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅದರ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು ಓದುತ್ತಾರೆ, ಹಿಂದಿನ ಇಪ್ಪತ್ತನಾಲ್ಕು ಗಂಟೆಯ ಮಳೆಯನ್ನು ಆ ದಿನದ ತಾರೀಖಿಗೆ ಬರೆಯುತ್ತಾರೆ. ಅಂದರೆ ಸೆಪ್ಟೆಂಬರ್ 30ರ ರಾತ್ರಿಯೆಲ್ಲ ಸುರಿದ ಮಳೆ ಅಕ್ಟೋಬರ್ ಒಂದರ ಖಾತೆಗೆ! ‘ಸೆಪ್ಟೆಂಬರ್ ಕೊನೆಗೆ ಕೆರೆ ಕೋಡಿ ಬಿತ್ತಲ್ಲ, ಹಾಳೆಯಲ್ಲಿ ಯಾಕಿಲ್ಲ’ ಎಂದು ಯಾರಾದರೂ ಜಗಳಕ್ಕೆ ನಿಂತರೆ ಮೊದಲು ಮುಂದಿನ ತಿಂಗಳ ಮೊದಲ ಸಾಲನ್ನು ತೋರಿಸಬೇಕು.

ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್, ಎಕರೆಗೆ ಸುಮಾರು ನಾಲ್ಕು ಸಾವಿರ ಲೀಟರ್. ಎರಡೂವರೆ ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದ ದಿನವನ್ನಷ್ಟೇ ಹವಾಮಾನ ಇಲಾಖೆ ಮಳೆ ದಿನವೆಂದು ಎಣಿಸುತ್ತದೆ. ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಮೊದಲು ನೋಡಬೇಕಾದ ಕಾಲಮ್ಮು ಇದೇ. ಒಂದು ವರ್ಷ ಸೆಪ್ಟೆಂಬರಿನಲ್ಲಿ 120 ಮಿಲಿಮೀಟರ್ ಎಂಟು ದಿನಗಳಲ್ಲಿ ಹಂಚಿ ಬಿತ್ತು, ಮರುವರ್ಷ ಅಷ್ಟೇ ಮಳೆ ಎರಡು ರಾತ್ರಿಯಲ್ಲಿ ಸುರಿದು ಮುಗಿಯಿತು ಎಂದಿಟ್ಟುಕೊಳ್ಳಿ. ಒಟ್ಟು ಮೊತ್ತದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಮೊದಲನೆಯದರಲ್ಲಿ ಶೇಂಗಾ ಹೂವಿನಿಂದ ಇಳಿದ ಎಳೆ ಮೆತ್ತಗಿನ ಮಣ್ಣಿಗೆ ಹೊಕ್ಕು ಕಾಯಿ ಕಟ್ಟುತ್ತದೆ. ಎರಡನೆಯದರಲ್ಲಿ ನೀರು ಮೇಲ್ಮಣ್ಣನ್ನೂ ಕರೆದುಕೊಂಡು ಹಳ್ಳ ಸೇರುತ್ತದೆ, ವಾರದೊಳಗೆ ನೆಲ ಗಟ್ಟಿಯಾಗಿ ಎಳೆ ಇಳಿಯಲು ಜಾಗವಿರುವುದಿಲ್ಲ. ವಾಡಿಕೆಗಿಂತ ನೂರಕ್ಕೆ ಹತ್ತೊಂಬತ್ತರಷ್ಟು ಹೆಚ್ಚು-ಕಡಿಮೆಯಾದರೂ ಇಲಾಖೆಯ ಭಾಷೆಯಲ್ಲಿ ಅದು ‘ಸಾಮಾನ್ಯ’ ಮಳೆ. ಸಾಮಾನ್ಯ ಮಳೆಯಾದ ವರ್ಷವೂ ಬೆಳೆ ಹೋಯಿತೆಂದು ರೈತ ಅಂದರೆ ಅವನು ಸುಳ್ಳು ಹೇಳುತ್ತಿಲ್ಲ, ಇಲಾಖೆಯೂ ಸುಳ್ಳು ಹೇಳುತ್ತಿಲ್ಲ.

ವಾಡಿಕೆ ಅನ್ನುವುದೂ ಹಲವು ದಶಕಗಳ ಸರಾಸರಿ. ಈಗ ಮಳೆಗೆ ಬಳಸುವುದು 1971ರಿಂದ 2020ರವರೆಗಿನ ಐವತ್ತು ವರ್ಷಗಳ ಲೆಕ್ಕ. ಒಣ ಸೀಮೆಯಲ್ಲಿ ಸರಾಸರಿ ಸ್ವಲ್ಪ ಮೋಸಗಾರ. ಒಂಬತ್ತು ವರ್ಷ ನವೆಂಬರಿನಲ್ಲಿ ಇಪ್ಪತ್ತಿಪ್ಪತ್ತು ಮಿಲಿಮೀಟರ್ ಬಿದ್ದು, ಹತ್ತನೆಯ ವರ್ಷ 220 ಸುರಿದರೆ ಸರಾಸರಿ ನಲವತ್ತಾಗುತ್ತದೆ, ಹತ್ತರಲ್ಲಿ ಒಂದು ವರ್ಷವೂ ನಲವತ್ತು ಬಿದ್ದಿರುವುದಿಲ್ಲ. ಇದು ನಾನು ಕಟ್ಟಿದ ಲೆಕ್ಕ, ಆದರೆ ಅಂಥ ನವೆಂಬರ್ ನಿಜಕ್ಕೂ ಬಂದುಹೋಗಿದೆ. 2021ರ ನವೆಂಬರಿನಲ್ಲಿ ವಾಯುಭಾರ ಕುಸಿತದಿಂದ ರಾಯಲಸೀಮೆಯಲ್ಲೆಲ್ಲ ಮಳೆ ಮೇರೆ ಮೀರಿತು. ಪಿನಾಕಿನಿ, ಚಿತ್ರಾವತಿ ಉಕ್ಕಿದವು, ಕದಿರಿಯಲ್ಲಿ ಕಟ್ಟಡ ಕುಸಿದು ಜೀವಹಾನಿಯಾಯಿತು. ಆದ್ದರಿಂದ ವಾಡಿಕೆಯ ಪಕ್ಕದಲ್ಲಿ ಆ ತಿಂಗಳ ಅತಿ ಹೆಚ್ಚು, ಅತಿ ಕಡಿಮೆ ಮಳೆಯ ವರ್ಷಗಳನ್ನೂ ನೋಡಬೇಕು.

ಉಷ್ಣಾಂಶದ ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ. ಏಪ್ರಿಲ್-ಮೇ ಬಿಸಿಲು ಹೇಗಿರುತ್ತದೆಂದು ಅಲ್ಲಿ ಬಸ್ಸಿಗೆ ಕಾದವರಿಗೆಲ್ಲ ಗೊತ್ತು. ಆದರೆ ತೇವಾಂಶದ ಕಾಲಮ್ಮನ್ನು ಹಿಂದೂಪುರ, ಮಡಕಶಿರಾದ ರೇಷ್ಮೆ ಸಾಕುವವರು ಬಿಡುವ ಹಾಗಿಲ್ಲ. ಹುಳುವಿಗೆ 24ರಿಂದ 28 ಡಿಗ್ರಿ ಶಾಖ, ನೂರಕ್ಕೆ ಎಪ್ಪತ್ತರ ಮೇಲೆ ತೇವ ಬೇಕು. ಮಾರ್ಚ್ ಬಂತೆಂದರೆ ಹೊರಗಿನ ಗಾಳಿಯ ತೇವ ಅದರ ಅರ್ಧಕ್ಕೂ ಇಳಿಯುತ್ತದೆ, ಸೊಪ್ಪು ತಟ್ಟೆಯಲ್ಲೇ ಬಾಡುತ್ತದೆ. ಹುಳುಮನೆಯ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುವುದು ಅದಕ್ಕೇ.

ಹಾಳೆ ಓದುವಾಗ ಸೊನ್ನೆಗೂ ಖಾಲಿ ಮನೆಗೂ ಇರುವ ವ್ಯತ್ಯಾಸ ಮರೆಯಬೇಡಿ. ಸೊನ್ನೆಯೆಂದರೆ ನೋಡಿದರು, ಮಳೆ ಇರಲಿಲ್ಲ. ಖಾಲಿಯೆಂದರೆ ನೋಡಲೇ ಇಲ್ಲ, ಇಲ್ಲವೆ ಯಂತ್ರ ಕೆಟ್ಟಿತ್ತು. ಖಾಲಿಯನ್ನು ಸೊನ್ನೆಯೆಂದು ಕೂಡಿಸಿದರೆ ಇಲ್ಲದ ಬರ ಹುಟ್ಟಿಕೊಳ್ಳುತ್ತದೆ.

ಇನ್ನೊಂದು ಮಾತು. ಮಾಪಕ ಸಾಕ್ಷಿ ಹೇಳುವುದು ತಾನು ನಿಂತ ಜಾಗಕ್ಕೆ ಮಾತ್ರ. ಕಲ್ಯಾಣದುರ್ಗದ ಹತ್ತಿರದ ಭೈರವಾನಿತಿಪ್ಪ ಅಣೆಕಟ್ಟು ವೇದಾವತಿಯ, ಅಂದರೆ ಹಗರಿಯ, ಮೇಲಿದೆ. ಅದು ತುಂಬುವುದೋ ಇಲ್ಲವೋ ಎಂಬುದನ್ನು ಅಲ್ಲಿನ ಮಳೆಯೊಂದೇ ತೀರ್ಮಾನಿಸುವುದಿಲ್ಲ. ಮೇಲೆ ಹಿರಿಯೂರಿನ ವಾಣಿವಿಲಾಸ ಸಾಗರ ತಡೆದು ನಿಂತಿದೆ. 1933ರಲ್ಲಿ ಕೋಡಿ ಬಿದ್ದಿದ್ದ ಆ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಕಲ್ಯಾಣದುರ್ಗದ ಹಾಳೆಯೊಂದನ್ನೇ ಹಿಡಿದು ಕೂತವರಿಗೆ ಹಗರಿಯ ನೀರಿನ ಲೆಕ್ಕ ಸಿಗುವುದಿಲ್ಲ.

ಈಗ ಆಂಧ್ರದಲ್ಲಿ ಮಂಡಲ ಮಟ್ಟದಲ್ಲಿ, ನಮ್ಮಲ್ಲಿ ಹೋಬಳಿ ಮಟ್ಟದಲ್ಲಿ ತಾನಾಗಿ ಅಳೆಯುವ ಕೇಂದ್ರಗಳು ಬಂದಿವೆ. ಮಂಗಳವಾರ, ಶುಕ್ರವಾರ ಜಿಲ್ಲಾವಾರು ಕೃಷಿ ಹವಾಮಾನ ಪ್ರಕಟಣೆಯೂ ಹೊರಡುತ್ತದೆ. ರೊಳ್ಳ, ಅಗಳಿಯ ಕನ್ನಡದ ರೈತರಿಗೆ ನಾನು ಹೇಳುವುದಿಷ್ಟು: ನಿಮ್ಮ ಜಿಲ್ಲೆಯ ಪ್ರಕಟಣೆಯ ಜೊತೆಗೆ ತುಮಕೂರು ಜಿಲ್ಲೆಯದನ್ನೂ ತರಿಸಿಕೊಳ್ಳಿ, ಶಿರಾ, ಮಧುಗಿರಿ, ಪಾವಗಡದ ಅಂಕಿಗಳನ್ನು ನಿಮ್ಮ ಮಂಡಲದ ಅಂಕಿಯ ಪಕ್ಕದಲ್ಲಿ ಬರೆದಿಡಿ. ಜೂನ್-ಜುಲೈನಲ್ಲಿ ಮೋಡ ಬರುವುದು ಆ ಕಡೆಯಿಂದಲೇ.