ಅಮೇರಿಕಾ ಮತ್ತು ಕೆನಡಾ ಜನಗಳ ಸಂಸ್ಕೃತಿಯೂ ಲೋಕಜ್ಞಾನವೂ



ಅಮೇರಿಕಾ ಸಂಯುಕ್ತ ಸಂಸ್ಥಾನ ಮತ್ತು ಕೆನಡಾ ದೇಶಗಳ ಹೆಸರನ್ನು ಕೇಳದವರು ಈ ಸಭೆಯಲ್ಲಿ ಇರಲಾರರು. ಕನ್ನಡನಾಡಿನ ಎಷ್ಟೋ ಮನೆಗಳ ಮಕ್ಕಳು ವಿದ್ಯೆ ಉದ್ಯೋಗಗಳ ಸಲುವಾಗಿ ಅಲ್ಲಿಗೆ ಹೋಗಿ ನೆಲಸಿರುವರು. ಆದರೆ ಹೆಸರನ್ನು ಕೇಳುವುದು ಬೇರೆ, ಜನವನ್ನು ಅರಿಯುವುದು ಬೇರೆ. ಅವರು ಸಿರಿವಂತರೆಂಬ ಮಾತು ಎಲ್ಲರ ಬಾಯಲ್ಲಿಯೂ ಇರುವುದು. ಅವರು ಏನನ್ನು ಬಲ್ಲರು, ಬಲ್ಲುದನ್ನು ಹೇಗೆ ಗಳಿಸಿದರು, ಅದರಲ್ಲಿ ಈ ಸೀಮೆಯವರು ಕೊಳ್ಳತಕ್ಕದ್ದೇನು, ಬಿಡತಕ್ಕದ್ದೇನು ಎಂಬುದೇ ಈ ಹೊತ್ತಿನ ವಿಚಾರವು.

ಮೊದಲು ಅವರ ಅರಿವಿನ ಕುಂದನ್ನು ಹೇಳುವುದು ಲೇಸು. 1492ರಲ್ಲಿ ಕೊಲಂಬಸನು ಆ ಖಂಡದ ದ್ವೀಪಗಳನ್ನು ಮುಟ್ಟಿದಾಗ ಹಿಂದುಸ್ಥಾನದ ಕಡೆಯ ನೆಲಕ್ಕೆ ಬಂದೆನೆಂದು ಭಾವಿಸಿ ಅಲ್ಲಿಯ ಮೂಲನಿವಾಸಿಗಳನ್ನು 'ಇಂಡಿಯನ್ನರು' ಎಂದು ಕರೆದನು. ಆ ತಪ್ಪು ಶತಮಾನಗಳ ಪರ್ಯಂತ ಉಳಿಯಿತು. ಕೆನಡಾ ದೇಶವು 1876ರಲ್ಲಿ ಮೂಲನಿವಾಸಿಗಳ ಬಗ್ಗೆ ಮಾಡಿದ ಕಾನೂನಿಗೆ ಇಂದಿಗೂ 'ಇಂಡಿಯನ್ ಕಾಯಿದೆ' ಎಂಬ ಹೆಸರೇ ಇದೆ. ಇನ್ನು ಕನ್ನಡವೆಂಬ ನುಡಿಯೊಂದುಂಟೆಂಬುದು ಅಲ್ಲಿಯ ಸಾಮಾನ್ಯನಿಗೆ ತಿಳಿದಿರುವುದು ವಿರಳ. ಕನ್ನಡವೆಂದರೆ ಕೆನಡಾ ಎಂದು ಕೇಳಿಸಿಕೊಂಡವರ ವಿನೋದವು ಅಲ್ಲಿಯ ಕನ್ನಡಿಗರಲ್ಲಿ ಹಳೆಯದಾದ ಮಾತು.

ಇದನ್ನು ಕೇಳಿ ನಗುವವರು ಕಾಗಿಣಾ ನದಿಯ ದಡದ ಮಳಖೇಡವನ್ನು ಒಮ್ಮೆ ನೆನೆಯಬೇಕು. ಸೇಡಂ ತಾಲೂಕಿನ ಆ ಊರೇ ರಾಷ್ಟ್ರಕೂಟರ ಮಾನ್ಯಖೇಟ. 851ನೆಯ ಇಸವಿಯಲ್ಲಿ ಬರೆಯಲ್ಪಟ್ಟ ಅರಬ್ಬೀ ವರ್ತಕರ ವೃತ್ತಾಂತವೊಂದು ಲೋಕದ ನಾಲ್ವರು ಮಹಾರಾಜರನ್ನು ಎಣಿಸುವಾಗ ಬಾಗದಾದದ ಖಲೀಫ, ಚೀಣದ ದೊರೆ, ರೋಮಿನ ದೊರೆ ಇವರೊಡನೆ 'ಬಲ್ಹರಾ' ಎಂದು ವಲ್ಲಭರಾಜನನ್ನು, ಅಂದರೆ ಈ ಮಾನ್ಯಖೇಟದ ಅರಸನನ್ನು, ಎಣಿಸಿದೆ. ಅದೇ ಕಾಲದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಓದದ ಜನರೂ ಕಾವ್ಯದ ಮರ್ಮವನ್ನು ಬಲ್ಲವರೆಂದು ಈ ನಾಡವರನ್ನು ಹೊಗಳಿತು. ಇದನ್ನು ಇಂದು ಮಳಖೇಡದ ದಾರಿಯಲ್ಲಿ ನಡೆಯುವವರೊಳಗೆ ಎಷ್ಟು ಮಂದಿ ಬಲ್ಲರು? ಅಜ್ಞಾನವು ಯಾವ ಒಂದು ದೇಶದ ಸ್ವತ್ತೂ ಅಲ್ಲ. ಜ್ಞಾನವೂ ಹಾಗೆಯೇ ಯಾರೊಬ್ಬರ ರಕ್ತದಲ್ಲಿಯೂ ಹುಟ್ಟಿ ಬಂದುದಲ್ಲ; ಅದನ್ನು ಏರ್ಪಾಡಿನಿಂದ ಬೆಳೆಸಬೇಕಾಗುವುದು. ಆ ಜನರು ಮಾಡಿದ ಇಂತಹ ಮೂರು ಏರ್ಪಾಡುಗಳು ವಿಚಾರಿಸತಕ್ಕವಾಗಿವೆ.

ಮೊದಲನೆಯದು ಊರಿಗೊಂದು ಪುಸ್ತಕಾಲಯ. ಆಂಡ್ರೂ ಕಾರ್ನೆಗಿಯು ಸ್ಕಾಟ್ಲಂಡದ ಬಡ ನೇಕಾರನ ಮಗನು. 1848ರಲ್ಲಿ ತಂದೆತಾಯಿಗಳೊಡನೆ ಅಮೇರಿಕೆಗೆ ಬಂದು ಬಾಲ್ಯದಲ್ಲಿಯೇ ಕೂಲಿಗೆ ಸೇರಿದನು. ಆಗ ಅವನಿದ್ದ ಊರಿನ ಕರ್ನಲ್ ಆಂಡರ್ಸನ್ ಎಂಬವರು ದುಡಿಯುವ ಹುಡುಗರಿಗಾಗಿ ಶನಿವಾರ ತಮ್ಮ ಪುಸ್ತಕಗಳನ್ನು ತೆರೆದಿಡುತ್ತಿದ್ದರು. ಆ ಉಪಕಾರವನ್ನು ಮರೆಯದ ಕಾರ್ನೆಗಿಯು ಉಕ್ಕಿನ ವ್ಯಾಪಾರದಲ್ಲಿ ಅಪಾರ ಧನವನ್ನು ಗಳಿಸಿದ ಮೇಲೆ ಲೋಕದಲ್ಲೆಲ್ಲ 2,509 ಪುಸ್ತಕಾಲಯಗಳನ್ನು ಕಟ್ಟಿಸಲು ಹಣವಿತ್ತನು. ಅವುಗಳಲ್ಲಿ 1,600ಕ್ಕೆ ಮಿಕ್ಕಿ ಅಮೇರಿಕೆಯಲ್ಲಿಯೂ, 125 ಕೆನಡಾದಲ್ಲಿಯೂ ಇದ್ದವು. ಆದರೆ ಅವನ ದಾನಕ್ಕೆ ಒಂದು ನಿಬಂಧನೆಯಿತ್ತು. ಊರವರೇ ನಿವೇಶನವನ್ನು ಕೊಡಬೇಕು. ಕೊಟ್ಟ ಹಣದ ಹತ್ತರಲ್ಲೊಂದು ಪಾಲನ್ನು ವರ್ಷವರ್ಷವೂ ಊರಿನ ತೆರಿಗೆಯಿಂದ ತೆಗೆದು ಪುಸ್ತಕಾಲಯವನ್ನು ನಡೆಯಿಸಬೇಕು. ದಾನಿಯು ಕಟ್ಟಡವನ್ನು ಕೊಡಬಲ್ಲನು. ದೀಪವನ್ನು ಉರಿಸತಕ್ಕವರು ಊರವರೇ ಎಂಬುದು ಇದರ ತಾತ್ಪರ್ಯ.

ಆದರೆ ಕಾರ್ನೆಗಿಯ ಕಾರಖಾನೆಗಳ ಕೂಲಿಕಾರರು ದಿನಕ್ಕೆ 12 ತಾಸು ದುಡಿಯುತ್ತಿದ್ದರು. 1892ರಲ್ಲಿ ಹೋಮ್‌ಸ್ಟೆಡ್ ಎಂಬಲ್ಲಿ ಕೂಲಿಯ ವಿಷಯವಾಗಿ ಮುಷ್ಕರವಾಗಿ ರಕ್ತಪಾತವೂ ಆಯಿತು. ಬೆನ್ನು ಬಾಗಿದವನು ಪುಸ್ತಕಾಲಯದ ಮೆಟ್ಟಿಲನ್ನು ಹತ್ತುವುದು ಯಾವಾಗ? ಈ ಪ್ರಶ್ನೆಗೆ ಎರಡನೆಯ ಏರ್ಪಾಡು ಉತ್ತರವಾಯಿತು, ಅದು ಕೆನಡಾದ್ದು.

1899ರಲ್ಲಿ ಆಲ್ಫ್ರೆಡ್ ಫಿಟ್ಸ್‌ಪ್ಯಾಟ್ರಿಕ್ ಎಂಬವರು ಸ್ಥಾಪಿಸಿದ ಸಂಸ್ಥೆಯು ಮುಂದೆ ಫ್ರಾಂಟಿಯರ್ ಕಾಲೇಜು ಎಂದು ಹೆಸರಾಯಿತು. ಕಾಡು ಕಡಿಯುವ, ಗಣಿ ತೋಡುವ, ರೈಲುಹಾದಿ ಹಾಕುವ ಕೂಲಿಕಾರರು ಶಾಲೆಗೆ ಬರಲಾರರಾದ ಕಾರಣ, ಶಾಲೆಯೇ ಅವರಿದ್ದಲ್ಲಿಗೆ ಹೋಯಿತು. ವಿಶ್ವವಿದ್ಯಾಲಯಗಳ ತರುಣರು ಹಗಲೆಲ್ಲ ಕೂಲಿಕಾರರೊಡನೆ ಕೊಡಲಿ ಗುದ್ದಲಿಗಳನ್ನು ಹಿಡಿದು ದುಡಿದು, ಸಂಜೆ ಗುಡಾರದಲ್ಲಿಯೋ ರೈಲುಡಬ್ಬಿಯಲ್ಲಿಯೋ ದೀಪ ಹಚ್ಚಿ ಅವರಿಗೆ ಓದು ಬರಹ ಲೆಕ್ಕಗಳನ್ನು ಕಲಿಸುತ್ತಿದ್ದರು. ಮುಂದೆ ಚೀಣದಲ್ಲಿ ಗಾಯಾಳುಗಳ ಸೇವೆ ಮಾಡುತ್ತ 1939ರಲ್ಲಿ ಮಡಿದ ಡಾಕ್ಟರ್ ನಾರ್ಮನ್ ಬೆಥೂನರು ತಮ್ಮ ತಾರುಣ್ಯದಲ್ಲಿ ಇಂತಹ ಶಿಕ್ಷಕರಾಗಿದ್ದವರೇ. ದುಡಿಯುವವನ ಪಕ್ಕದಲ್ಲಿ ನಿಂತು ದುಡಿದವನಿಗೆ ಮಾತ್ರ ಅವನಿಗೆ ಕಲಿಸುವ ಅಧಿಕಾರವುಂಟೆಂದು ಅವರು ತಿಳಿದರು. ಕಾಯಕ ದಾಸೋಹಗಳ ಹೆಸರನ್ನು ಅವರು ಕೇಳಿದವರಲ್ಲ; ಆದರೂ ಮಾಡಿದುದು ಕಾಯಕವೇ, ನೀಡಿದುದು ದಾಸೋಹವೇ.

ಮೂರನೆಯದು ಕನ್ನಡಕ್ಕೇ ಸಂಬಂಧಿಸಿದ್ದು. ಅಮೇರಿಕೆಯು 1954ರಲ್ಲಿ ಪಿ.ಎಲ್. 480 ಎಂಬ ಕಾನೂನನ್ನು ಮಾಡಿ, ಅದರ ಮೇರೆಗೆ ಭಾರತಕ್ಕೆ ಗೋದಿಯನ್ನು ರೂಪಾಯಿಗಳಿಗೆ ಮಾರಿತು. ಹಾಗೆ ಕೂಡಿದ ರೂಪಾಯಿಗಳಲ್ಲಿ ಒಂದು ಭಾಗದಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಆ ದೇಶದ ವಿಶ್ವವಿದ್ಯಾಲಯಗಳಿಗೆ ಸಾಗಿಸುವ ಸಲುವಾಗಿ ಅವರ ಕಾಂಗ್ರೆಸ್ ಗ್ರಂಥಾಲಯವು 1962ರಲ್ಲಿ ದಿಲ್ಲಿಯಲ್ಲಿ ಕಚೇರಿಯನ್ನು ತೆರೆಯಿತು. ಇಲ್ಲಿಯವರು ಗೋದಿಯನ್ನು ಉಂಡು ಮರೆತರು. ಅಲ್ಲಿಯವರು ಅದರ ಬೆಲೆಯಿಂದ ಕನ್ನಡದ ಪುಸ್ತಕಗಳನ್ನು ಕೂಡಿಟ್ಟರು. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಮೈಸೂರಿನ ಎ.ಕೆ. ರಾಮಾನುಜನ್‌ರು ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು ಇವರ ವಚನಗಳನ್ನು ಇಂಗ್ಲಿಷಿಗೆ ತಂದ ಗ್ರಂಥವು 1973ರಲ್ಲಿ ಹೊರಬಿದ್ದು ಲೋಕದಲ್ಲೆಲ್ಲ ಓದಲ್ಪಟ್ಟಿತು. ಹರಿಹರನ ರಗಳೆಗಳನ್ನು ಕುರಿತು ಫ್ಲಾರಿಡಾದ ಅಧ್ಯಾಪಕರಾದ ಗಿಲ್ ಬೆನ್-ಹೆರುತ್ ಎಂಬವರು 2018ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು.

ಇಷ್ಟರಿಂದ ಆ ದೇಶಗಳಲ್ಲಿ ಎಲ್ಲವೂ ಒಳಿತೇ ಎಂದು ಭ್ರಮಿಸಲಾಗದು. ದಕ್ಷಿಣ ಕೆರೊಲಿನಾದಲ್ಲಿ 1740ರಷ್ಟು ಹಿಂದೆಯೇ ಗುಲಾಮರಿಗೆ ಬರೆಯಲು ಕಲಿಸುವುದು ದಂಡಾರ್ಹವಾಗಿತ್ತು. ಕದ್ದು ಓದು ಕಲಿತ ಗುಲಾಮನಾದ ಫ್ರೆಡರಿಕ್ ಡಗ್ಲಸನು 1838ರಲ್ಲಿ ತಪ್ಪಿಸಿಕೊಂಡು ಬಂದು ತನ್ನ ಜನರ ಬಾಯಿಯಾದನು. ಕೆನಡಾದಲ್ಲಿ ಒಂದು ಲಕ್ಷದ ಐವತ್ತು ಸಾವಿರಕ್ಕೂ ಮಿಕ್ಕಿದ ಮೂಲನಿವಾಸಿಗಳ ಮಕ್ಕಳನ್ನು ತಾಯಿಯ ಮಡಿಲಿನಿಂದ ಅಗಲಿಸಿ ವಸತಿಶಾಲೆಗಳಲ್ಲಿಟ್ಟು, ತಾಯಿನುಡಿಯನ್ನಾಡಿದರೆ ಶಿಕ್ಷಿಸಿದರು. ಆ ಶಾಲೆಗಳಲ್ಲಿ ಕೊನೆಯವು 1990ರ ದಶಕದಲ್ಲಿ ಮುಚ್ಚಿದವು. 2015ರಲ್ಲಿ ಸತ್ಯಶೋಧನ ಆಯೋಗವು ಆ ಅನ್ಯಾಯವನ್ನು ಲೋಕದ ಮುಂದಿಟ್ಟಿತು. ಶಾಲೆಯೆಂಬುದು ಮಗುವಿನ ನುಡಿಯನ್ನು ಬೆಳಸಲೂಬಲ್ಲುದು, ಕೊಲ್ಲಲೂಬಲ್ಲುದು. ಅದರ ನೋವಿನ ತುಸು ಪಾಲನ್ನು ಈ ಸೀಮೆಯ ಹಿರಿಯರೂ ಬಲ್ಲರು: 1948ರ ಸೆಪ್ಟೆಂಬರ್ 17ರ ವರೆಗೆ ಇದು ನಿಜಾಮರ ಆಳಿಕೆಯಲ್ಲಿದ್ದಾಗ ಕಚೇರಿಯ ನುಡಿಯೂ ಉಚ್ಚ ವಿದ್ಯೆಯ ನುಡಿಯೂ ಉರ್ದುವಾಗಿತ್ತು.

ಲೋಕಜ್ಞಾನವು ಕೇವಲ ಅಲಂಕಾರವೆಂದು ಬಗೆಯುವವರಿಗೆ ತೊಗರಿಯ ಮಾತನ್ನು ಹೇಳಬೇಕು. ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕರಿಯ ನೆಲದ ಒಕ್ಕಲಿಗನ ಬಾಳು ತೊಗರಿಯ ಮೇಲಿದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ಬಂದಿತು. ಚಳಿನಾಡಾದ ಕೆನಡಾದಲ್ಲಿ ತೊಗರಿ ಬೆಳೆಯದು; ಆದರೆ ಅದರ ಸಸ್ಕಾಚವಾನ್ ಪ್ರಾಂತದ ಬಯಲಿನಲ್ಲಿ ಬೆಳೆದ ಹಳದಿ ಬಟಾಣಿಯೂ ಮಸೂರವೂ ಹಡಗು ಹತ್ತಿ ಬಂದು, ತೊಗರಿಯು ದುಬಾರಿಯಾದಲ್ಲಿ ಅದರ ಸ್ಥಾನವನ್ನು ಹಿಡಿಯುವುವು. 2017ರ ನವೆಂಬರದಲ್ಲಿ ಭಾರತ ಸರಕಾರವು ಬಟಾಣಿಯ ಮೇಲೆ ನೂರಕ್ಕೆ 50ರಂತೆ ಸುಂಕವನ್ನು ಹೇರಿದಾಗ ಕೆನಡಾದ ಬೇಸಾಯಗಾರನು ಮುಂದಿನ ಬಿತ್ತನೆಯ ಲೆಕ್ಕವನ್ನೇ ಬದಲಿಸಬೇಕಾಯಿತು. ಈ ನಾಡಿನ ಮುಂಗಾರಿನ ಸುದ್ದಿಯನ್ನು ಅಲ್ಲಿಯ ಕಾಳುವ್ಯಾಪಾರವು ಲಕ್ಷ್ಯಗೊಟ್ಟು ಕೇಳುವುದು. ಅಲ್ಲಿಯ ಬೆಳೆಯ ಸುದ್ದಿಯನ್ನು ಇಲ್ಲಿಯ ಒಕ್ಕಲಿಗನು ಕೇಳದಿದ್ದರೆ, ತೂಕದ ತಕ್ಕಡಿಯಲ್ಲಿ ಅವನ ಅಜ್ಞಾನವನ್ನೂ ತೂಗಿ ಕಳೆಯುವರು.

2011ರ ಜನಗಣತಿಯ ಮೇರೆಗೆ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 75 ಮಂದಿ ಅಕ್ಷರಸ್ಥರಾಗಿದ್ದರೆ ಕಲಬುರಗಿ ಜಿಲ್ಲೆಯಲ್ಲಿ ಸುಮಾರು 65 ಮಂದಿ ಮಾತ್ರ ಇದ್ದರು. ಈ ಅಂತರವು ಬುದ್ಧಿಯದಲ್ಲ, ಏರ್ಪಾಡಿನದು. ಶಹಾಬಾದದ ಫರಸಿಯು ದೂರದೂರದ ಮನೆಗಳಲ್ಲಿ ನೆಲವಾಗಿ ಹಾಸಿದೆ. ಅದನ್ನು ಕಡಿದವನ ಮಗನಿಗೆ ಸಂಜೆ ಕುಳಿತು ಓದಲು ಒಂದು ಹಾಸುಗಲ್ಲಿನ ಜಗಲಿಯೂ ಒಂದು ದೀಪವೂ ಸಿಕ್ಕಬೇಡವೇ? ವಾಡಿಯ ಕೂಡುನಿಲ್ದಾಣದಲ್ಲಿ 1874ರಿಂದ ಮುಂಬಯಿ, ಮದರಾಸು, ಹೈದರಾಬಾದುಗಳ ಹಾದಿಗಳು ಸೇರಿವೆ. ಆ ಹಾದಿಗಳಲ್ಲಿ ಸಿಮೆಂಟೂ ಕಲ್ಲೂ ಹೊರಗೆ ಹೋದಂತೆ ಪುಸ್ತಕವು ಒಳಗೆ ಬರಬೇಡವೇ? ಶಿಕಾಗೋದ ಕಪಾಟಿನಲ್ಲಿ ದೊರೆಯುವ ವಚನವು ಚಿಂಚೋಳಿಯ ತಾಂಡಾದ ಹುಡುಗಿಗೆ ಅವಳ ಕೈಯಳತೆಯಲ್ಲಿ ದೊರೆಯಬೇಡವೇ?

ಕಾರಣ, ಮಹೋತ್ಸವದ ನೆನಪಿಗಾಗಿ ಕಮಾನು ಕಟ್ಟುವ ಭಕ್ತರು ಒಂದು ವಾಚನಾಲಯವನ್ನು ಕಟ್ಟಲಿ. ಊರವರು ನೆಲವನ್ನೂ ವರ್ಷದ ವೆಚ್ಚವನ್ನೂ ಹೊರಲಿ. ಕಲಿತ ತರುಣರು ಗಣಿಗೂ ಹೊಲಕ್ಕೂ ತಾವೇ ನಡೆದು ಹೋಗಲಿ. ಅಲ್ಲಿ ಕಲಿಸುವುದು ಮಗುವಿನ ತಾಯಿನುಡಿಯಿಂದಲೇ ಮೊದಲಾಗಲಿ. ಮಠದಲ್ಲಿ ಹಸಿದು ಬಂದವನ ಜಾತಿ ಊರುಗಳನ್ನು ಕೇಳದೆ ಎಲೆ ಹಾಕುವ ಪದ್ಧತಿಯುಂಟು. ಅರಿವಿನ ಹಸಿವಿನಿಂದ ಬಂದವನಿಗೂ ಹಾಗೆಯೇ ಎಲೆ ಹಾಕಿದಲ್ಲಿ, ದೂರದೇಶದವರಿಂದ ಕಲಿತುದು ಸಾರ್ಥಕವಾಗುವುದು.