ಯಂತ್ರಯುಗದ ಶಾನುಭೋಗ

ನೀವು ಬ್ಯಾಂಕಿಗೆ ಹೋಗುತ್ತೀರಿ. ಪಾಸ್ ಪುಸ್ತಕವನ್ನು ಚಾಚುತ್ತೀರಿ. ಯಂತ್ರ ಕರಕರನೆ ನಾಲ್ಕು ಸಾಲು ಅಚ್ಚು ಮಾಡಿ ಪುಸ್ತಕವನ್ನು ಹಿಂದಕ್ಕೆ ಕೊಡುತ್ತದೆ. ಊರಿಗೆ ಹೊರಡುವ ಮುಂಚೆ ರೈಲಿನಲ್ಲಿ ಸ್ಥಳ ಕಾದಿರಿಸುತ್ತೀರಿ. ತಿಂಗಳು ತುಂಬಿದರೆ ಮನೆಯ ಹಿರಿಯರಿಗೆ ಪಿಂಚಣಿ ಬಂದು ಬೀಳುತ್ತದೆ. ಈ ಎಲ್ಲ ಕೆಲಸಗಳ ಹಿಂದೆಯೂ ಒಂದೊಂದು ದೊಡ್ಡ ಲೆಕ್ಕದ ಪುಸ್ತಕವಿದೆ. ಅದು ಕಾಗದದ್ದಲ್ಲ, ಕಂಪ್ಯೂಟರಿನೊಳಗಿನದು. ಅದಕ್ಕೆ ಡೇಟಾಬೇಸ್ ಎಂದು ಹೆಸರು. ಅದನ್ನು ಕಾಯುವವರಿಗೆ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್, ಚಿಕ್ಕದಾಗಿ ಡಿಬಿಎ, ಎನ್ನುತ್ತಾರೆ.

ನನ್ನ ಕಸುಬು ಅದೇ. ವರ್ಷಕ್ಕೆ ಒಂದೆರಡು ಬಾರಿ ತಂತ್ರಜ್ಞರ ಸಮ್ಮೇಳನಗಳಲ್ಲಿ ನಿಂತು ಮಾತನಾಡುವುದೂ ಈ ಕಸುಬಿನ ಜೊತೆಗೆ ಅಂಟಿಕೊಂಡು ಬಂದಿದೆ. "ಲೆಕ್ಕ ಕಾಯುವವರಿಗೆ ವೇದಿಕೆ ಏಕೆ? ಅವರು ಬಾಯಿ ಮುಚ್ಚಿಕೊಂಡಿರುವುದೇ ಲೇಸಲ್ಲವೆ?" ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹೇಳುವುದೇ ಇಂದಿನ ನನ್ನ ಮಾತಿನ ಉದ್ದೇಶ.

ಹಳ್ಳಿಯ ಸಂಬಂಧವುಳ್ಳ ಮನೆಗಳಲ್ಲಿ ಶಾನುಭೋಗರ ಹೆಸರನ್ನು ಕೇಳದವರಿಲ್ಲ. ಯಾರ ಹೊಲ ಎಷ್ಟು ಗುಂಟೆ, ಯಾರ ಕಂದಾಯ ಎಷ್ಟು ಬಾಕಿ, ಯಾವ ಬಾವಿಯಲ್ಲಿ ಯಾರಿಗೆ ಪಾಲು, ಎಲ್ಲವೂ ಅವರ ಕಡತದಲ್ಲಿ. ಊರಿನ ಗುಟ್ಟೆಲ್ಲ ಅವರ ಕಂಕುಳಲ್ಲಿ. ಅವರು ನೆಟ್ಟಗಿದ್ದರೆ ಊರಿಗೆ ನೆಮ್ಮದಿ. ಅವರ ಲೇಖನಿ ಡೊಂಕಾದರೆ ಊರಿಗೆಲ್ಲ ಕೋರ್ಟಿನ ಅಲೆದಾಟ. ವಂಶಪಾರಂಪರ್ಯವಾಗಿ ಬಂದ ಆ ಹುದ್ದೆ ಮೈಸೂರು ರಾಜ್ಯದ 1961ರ ಕಾಯಿದೆಯಿಂದ ರದ್ದಾಯಿತು. ಕಡತ ಗ್ರಾಮಲೆಕ್ಕಿಗರ ಕೈಗೆ ಬಂತು. ಮುಂದೆ 2000ದ ಸುಮಾರಿನಲ್ಲಿ ಕರ್ನಾಟಕ ಸರ್ಕಾರ 'ಭೂಮಿ' ಎಂಬ ಯೋಜನೆಯಿಂದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಗೆ ಬೆಲೆ ಹೋಯಿತು. ಬಟ್ಟೆಯ ಗಂಟಿನಲ್ಲಿದ್ದ ಕಡತ ಯಂತ್ರದೊಳಕ್ಕೆ ಸೇರಿತು. ಆದರೆ ಕಡತವಿದ್ದ ಮೇಲೆ ಕಾಯುವವರು ಬೇಕಷ್ಟೆ. ಹೀಗೆ ಯಂತ್ರಯುಗದಲ್ಲಿಯೂ ಶಾನುಭೋಗಿಕೆ ತಪ್ಪಲಿಲ್ಲ, ಹೆಸರು ಮಾತ್ರ ಬದಲಾಯಿತು.

ಈ ಯಂತ್ರದ ಕಡತದ ಬಗೆ ಹೇಗೆ? ಇದರ ಮೂಲಪುರುಷ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಎಡ್ಗರ್ ಕಾಡ್ ಎಂಬ ಗಣಿತಜ್ಞ. ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಶಾಲೆಯಲ್ಲಿದ್ದಾಗ 1970ರಲ್ಲಿ ಅವರು ಒಂದು ಲೇಖನವನ್ನು ಪ್ರಕಟಿಸಿದರು. ಅದಕ್ಕೆ ಮುಂಚೆ ಕಂಪ್ಯೂಟರಿನಿಂದ ಒಂದು ಸಂಗತಿಯನ್ನು ತೆಗೆಯಬೇಕಾದರೆ ಅದು ಎಲ್ಲಿದೆ, ಯಾವ ದಾರಿಯಲ್ಲಿ ಹೋದರೆ ಸಿಕ್ಕುತ್ತದೆ ಎಂಬುದನ್ನೆಲ್ಲ ಕೇಳುವವನೇ ತಿಳಿದಿರಬೇಕಾಗಿತ್ತು. ಕಾಡ್ ಹೇಳಿದ್ದು ಇಷ್ಟೆ: ಎಲ್ಲವನ್ನೂ ಅಡ್ಡಸಾಲು ಕಂಬಸಾಲುಗಳ ಕೋಷ್ಟಕಗಳಲ್ಲಿ ಇಡಿ, ಏನು ಬೇಕೆಂದು ಮಾತ್ರ ಕೇಳಿ, ಹುಡುಕುವ ದಾರಿಯನ್ನು ಯಂತ್ರವೇ ನೋಡಿಕೊಳ್ಳಲಿ. ಇಂದು ಬ್ಯಾಂಕುಗಳ, ಅಂಗಡಿಗಳ, ಕಛೇರಿಗಳ ಲೆಕ್ಕ ಬಹುಮಟ್ಟಿಗೆ ನಡೆಯುತ್ತಿರುವುದು ಈ ತತ್ತ್ವದ ಮೇಲೆಯೇ.

ಇನ್ನೊಂದು ತತ್ತ್ವವನ್ನು ನಮ್ಮ ವ್ಯಾಪಾರಿಗಳು ಎಷ್ಟೋ ಕಾಲದಿಂದ ಬಲ್ಲರು. ಹಳೆಯ ಕಾಲದ ಮಂಡಿಯಲ್ಲಿ ಎರಡು ಪುಸ್ತಕಗಳಿರುತ್ತಿದ್ದವು, ಕಿರ್ದಿ ಮತ್ತು ಖಾತೆ. ಆಯಾ ದಿನ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಮೊದಲು ಕಿರ್ದಿಯಲ್ಲಿ ಬರೆಯಬೇಕು; ಆಮೇಲೆ ಅದನ್ನು ಆಯಾ ಗಿರಾಕಿಯ ಖಾತೆಗೆ ಏರಿಸಬೇಕು. ಖಾತೆ ಪುಸ್ತಕ ನೀರಿಗೆ ಬಿದ್ದರೂ ಕಿರ್ದಿ ಉಳಿದಿದ್ದರೆ ಲೆಕ್ಕವನ್ನು ಮತ್ತೆ ಕಟ್ಟಬಹುದು. ಡೇಟಾಬೇಸ್ ಮಾಡುವುದೂ ಇದನ್ನೇ. ಯಾವ ಬದಲಾವಣೆಯಾದರೂ ಮೊದಲು ಅದರ ಕಿರ್ದಿಗೆ, ಆಮೇಲೆ ಕೋಷ್ಟಕಕ್ಕೆ. ನೀವು ಮಗಳಿಗೆ 500 ರೂಪಾಯಿ ಕಳುಹಿಸುತ್ತೀರಿ ಎನ್ನಿ. ನಿಮ್ಮ ಖಾತೆಯಲ್ಲಿ 500 ಕಳೆದು, ಅವಳ ಖಾತೆಯಲ್ಲಿ ಕೂಡುವಷ್ಟರಲ್ಲಿ ವಿದ್ಯುತ್ತು ಹೋದರೆ? ಎರಡೂ ಆಗಬೇಕು, ಇಲ್ಲವೆ ಎರಡೂ ಆಗಬಾರದು, ನಡುವೆ ನಿಲ್ಲುವಂತಿಲ್ಲ. ಇದನ್ನು ಶಾಸ್ತ್ರವಾಗಿ ರೂಪಿಸಿದವರಲ್ಲಿ ಜಿಮ್ ಗ್ರೇ ಪ್ರಮುಖರು. ಗಣಕ ವಿಜ್ಞಾನದ ಅತ್ಯುಚ್ಚ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಕಾಡ್ ಅವರಿಗೆ 1981ರಲ್ಲಿಯೂ ಗ್ರೇ ಅವರಿಗೆ 1998ರಲ್ಲಿಯೂ ಬಂತು.

ಇಷ್ಟೆಲ್ಲ ಜಾಣತನ ಯಂತ್ರದಲ್ಲಿಯೇ ಇರುವಾಗ ಕಾಯುವವರಿಗೆ ಏನು ಕೆಲಸ? ಒಂದು, ಯಾರು ಯಾವ ಪುಟವನ್ನು ನೋಡಬಹುದು, ಯಾರು ತಿದ್ದಬಹುದು ಎಂದು ಕಟ್ಟು ಮಾಡುವುದು. ಎರಡು, ಲೆಕ್ಕ ಬೇಗ ಸಿಕ್ಕುವಂತೆ ಮಾಡುವುದು. ದಪ್ಪ ಪುಸ್ತಕದ ಕೊನೆಯಲ್ಲಿ ಪದಸೂಚಿ ಇಲ್ಲದಿದ್ದರೆ ಒಂದು ಹೆಸರಿಗಾಗಿ ಪುಟವೆಲ್ಲ ಮಗುಚಬೇಕಲ್ಲವೆ? ಅಂಥ ಸೂಚಿಗಳನ್ನು ನಾವು ಕಟ್ಟುತ್ತೇವೆ. ಮೂರು, ಎಲ್ಲಕ್ಕಿಂತ ಮುಖ್ಯವಾದದ್ದು, ಲೆಕ್ಕದ ಪ್ರತಿಯನ್ನು ತೆಗೆದು ಬೇರೆ ಕಡೆ ಜೋಪಾನವಾಗಿಡುವುದು. ಎಲ್ಲ ಸುಸೂತ್ರವಾಗಿ ನಡೆಯುವಾಗ ನಮ್ಮ ನೆನಪು ಯಾರಿಗೂ ಬಾರದು. ನಡುರಾತ್ರಿ ಎರಡು ಗಂಟೆಗೆ ಲೆಕ್ಕ ನಿಂತಾಗ ಮಾತ್ರ ಎಲ್ಲರಿಗೂ ಒಟ್ಟಿಗೆ ಬರುತ್ತದೆ. ಮನೆಯವರು ಆ ಹೊತ್ತಿನ ಫೋನಿನ ಸದ್ದಿನಿಂದಲೇ ಅದು ಕಛೇರಿಯದೆಂದು ತಿಳಿಯುವಷ್ಟು ಪಳಗಿರುತ್ತಾರೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಈ ಕಸುಬಿನಲ್ಲಿ ಎರಡು ಧರ್ಮಗಳಿವೆ. ಮೊದಲನೆಯದು ಮೌನದ ಧರ್ಮ. ಯಾರ ಸಂಬಳ ಎಷ್ಟು, ಯಾರಿಗೆ ಯಾವ ಕಾಯಿಲೆ, ಯಾರ ಸಾಲ ಎಷ್ಟು ತಿಂಗಳಿಂದ ಬಾಕಿ, ಇವೆಲ್ಲ ನಮ್ಮ ಕಣ್ಣಿಗೆ ಬೀಳಬಲ್ಲವು. ಬಿದ್ದರೂ ಬಾಯಿಗೆ ಬರಬಾರದು; ಕೆಲಸಕ್ಕೆ ಬೇಕಿಲ್ಲದಿದ್ದರೆ ನೋಡಲೇ ಬಾರದು. ಇದು ಎಲ್ಲರೂ ಒಪ್ಪುವ ಮಾತು. ಎರಡನೆಯದು ಮಾತಿನ ಧರ್ಮ. ಕಡತದೊಳಗಿನದನ್ನು ಹೇಳಬಾರದು, ನಿಜ. ಆದರೆ ಕಡತ ಕಾಯುವುದರಲ್ಲಿ ಎಲ್ಲಿ ಎಡವಟ್ಟಾಯಿತು ಎಂಬುದನ್ನು ಹೇಳಲೇಬೇಕು. ಏಕೆಂದರೆ ಇಲ್ಲಿ ಇಂದು ಆದದ್ದು ನಾಳೆ ಇನ್ನೊಂದು ಊರಿನ ಕಛೇರಿಯಲ್ಲಿ ಆಗಬಹುದು. ಈ ಎರಡನೆಯ ಧರ್ಮದ ಸಲುವಾಗಿಯೇ ಸಮ್ಮೇಳನಗಳಿರುವುದು.

ಈ ಸಮ್ಮೇಳನಗಳು ಸಾಹಿತ್ಯ ಸಮ್ಮೇಳನಗಳಂತೆ ಮೆರವಣಿಗೆಯಿಂದ ತೊಡಗುವುವಲ್ಲ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಒಂದುಂಟು. 1986ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ಮುಂದಾಳುತನದಲ್ಲಿ ಹುಟ್ಟಿದ್ದು. ಇಂದು ಅದಕ್ಕೆ ಒಬ್ಬ ಒಡೆಯನಿಲ್ಲ. ಯಾರು ಬೇಕಾದರೂ ಕಾಸಿಲ್ಲದೆ ಬಳಸಬಹುದು, ತಿದ್ದಬಹುದು. ಅದನ್ನು ಬಳಸುವವರ ಸಮ್ಮೇಳನ ಬೆಂಗಳೂರಿನಲ್ಲಿಯೂ ಹಲವು ವರ್ಷ ನಡೆದಿದೆ. ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದ ಒಂದು ವಿಶ್ವವಿದ್ಯಾನಿಲಯದಲ್ಲಿ ಫಾಸ್ಡೆಮ್ ಎಂಬ ಸಮ್ಮೇಳನ ಚಳಿಗಾಲದಲ್ಲಿ ನಡೆಯುತ್ತದೆ. ಅದಕ್ಕೆ ಪ್ರವೇಶಧನವೂ ಇಲ್ಲ, ಹೆಸರು ಕೊಡುವ ಕಟ್ಟಳೆಯೂ ಇಲ್ಲ. ಸಂತೆಗೆ ಹೋದಂತೆ ಹೋಗಿ ಕೇಳಿ ಬರಬಹುದು. ಮಾತನಾಡಬೇಕೆನ್ನುವವರು ತಿಂಗಳುಗಟ್ಟಲೆ ಮುಂಚೆಯೇ ತಮ್ಮ ವಿಷಯದ ಸಾರಾಂಶವನ್ನು ಕಳುಹಿಸಬೇಕು. ಒಪ್ಪಿಗೆಯಾದರೆ ಮುಕ್ಕಾಲು ಗಂಟೆಯೋ ಅರ್ಧ ಗಂಟೆಯೋ ಕಾಲಾವಕಾಶ. ಕೊನೆಯಲ್ಲಿ ಪ್ರಶ್ನೆಗಳು. ನಿಜವಾದ ಪರೀಕ್ಷೆ ಅಲ್ಲಿಯೇ; ಕೇಳುವವರೆಲ್ಲ ಅದೇ ಕಸುಬಿನವರು, ಬಣ್ಣದ ಮಾತಿಗೆ ಸೋಲುವವರಲ್ಲ.

ಇಂಥ ಸಭೆಗಳಲ್ಲಿ ಇಂದಿಗೂ ಮತ್ತೆ ಮತ್ತೆ ಎತ್ತಿ ಹೇಳುವ ಒಂದು ಘಟನೆಯಿದೆ. ಗಿಟ್‌ಲ್ಯಾಬ್ ಎಂಬ ಕಂಪೆನಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರ ಕೆಲಸವನ್ನು ಒಂದೆಡೆ ಕೂಡಿಟ್ಟು ಕೊಡುವಂಥದು. ಅದರ ಲೆಕ್ಕವಿದ್ದದ್ದು ಪೋಸ್ಟ್‌ಗ್ರೆಸ್‌ನಲ್ಲಿ. 2017ರ ಜನವರಿ 31ರ ರಾತ್ರಿ ಅದರ ಎರಡನೆಯ ಯಂತ್ರವೊಂದು ಮೊದಲನೆಯದರ ಜೊತೆ ಹೆಜ್ಜೆ ಹಾಕಲಾರದೆ ಹಿಂದೆ ಬಿತ್ತು. ಅದನ್ನು ಸರಿಪಡಿಸಲು ನೌಕರನೊಬ್ಬ ಎರಡನೆಯ ಯಂತ್ರವೆಂದು ತಿಳಿದು ಮೊದಲನೆಯದರ ಮೇಲೆ ಅಳಿಸುವ ಆಜ್ಞೆ ಕೊಟ್ಟ. ಒಂದೆರಡು ಸೆಕೆಂಡಿನಲ್ಲಿಯೇ ಎಚ್ಚರಗೊಂಡು ನಿಲ್ಲಿಸಿದ. ಅಷ್ಟರಲ್ಲಿ ಸುಮಾರು 300 ಗಿಗಾಬೈಟಿನಷ್ಟಿದ್ದ ಲೆಕ್ಕದಲ್ಲಿ ನಾಲ್ಕೂವರೆಯಷ್ಟು ಮಾತ್ರ ಉಳಿದಿತ್ತು.

ಹೋಗಲಿ, ಪ್ರತಿ ಇದೆಯಲ್ಲ, ಎಂದು ಹುಡುಕಿದರು. ದಿನವೂ ಪ್ರತಿ ತೆಗೆಯುತ್ತಿದೆ ಎಂದುಕೊಂಡಿದ್ದ ಸಾಧನ ಹಳೆಯ ಆವೃತ್ತಿಯದಾದ್ದರಿಂದ ಏನನ್ನೂ ತೆಗೆದೇ ಇರಲಿಲ್ಲ. ಕೆಲಸ ಕೆಟ್ಟಾಗ ತಿಳಿಸಬೇಕಾಗಿದ್ದ ಪತ್ರಗಳು ದಾರಿಯಲ್ಲಿಯೇ ತಿರಸ್ಕೃತವಾಗಿದ್ದವು. ಪ್ರತಿ ಇಡುವ ಕಣಜ ಬರಿದಾಗಿತ್ತು. ಕೊನೆಗೆ ಉಳಿಸಿದ್ದು, ಸುಮಾರು 6 ಗಂಟೆ ಮುಂಚೆ ಅದೇ ನೌಕರ ಬೇರೆ ಕೆಲಸಕ್ಕೆಂದು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ. ಆ 6 ಗಂಟೆಗಳ ಲೆಕ್ಕ ಹೋದದ್ದು ಹೋಯಿತು. ಹೆಚ್ಚೆಂದರೆ ಸುಮಾರು 5,000 ಯೋಜನೆಗಳ, 5,000 ಟಿಪ್ಪಣಿಗಳ, 700 ಬಳಕೆದಾರರ ದಾಖಲೆಗಳಿಗೆ ಪೆಟ್ಟು ಬಿತ್ತು.

ಅಪಘಾತ ಯಾರಿಗಾದರೂ ಆದೀತು. ಈ ಸಂಗತಿ ಇಂದಿಗೂ ನೆನಪಿನಲ್ಲಿರುವುದು ಅಪಘಾತಕ್ಕಾಗಿ ಅಲ್ಲ. ಆ ಕಂಪೆನಿ ಬಾಗಿಲು ಹಾಕಿಕೊಳ್ಳಲಿಲ್ಲ. ದುರಸ್ತಿ ಮಾಡುವಾಗಲೇ ತಮ್ಮ ಟಿಪ್ಪಣಿಗಳನ್ನು ಜಗತ್ತಿಗೆಲ್ಲ ಕಾಣುವಂತೆ ತೆರೆದಿಟ್ಟರು. ಕೆಲಸವನ್ನು ನೇರವಾಗಿ ಪ್ರಸಾರ ಮಾಡಿದರು. ಆಮೇಲೆ ಏನಾಯಿತು, ಏಕಾಯಿತು ಎಂದು ವಿಸ್ತಾರವಾದ ವರದಿ ಬರೆದರು. ಆ ವರದಿಯಲ್ಲಿ ನೌಕರನ ಹೆಸರಿಲ್ಲ. ದೋಷ ಒಂದು ಬೆರಳಿನದಲ್ಲ, ಪ್ರತಿಯನ್ನು ಪರೀಕ್ಷಿಸದ ವ್ಯವಸ್ಥೆಯದು ಎಂದು ಅವರು ಕಂಡುಕೊಂಡರು. ಅದನ್ನು ಓದಿದ ಎಷ್ಟೋ ಮಂದಿ ತಮ್ಮ ತಮ್ಮ ಕಣಜವನ್ನು ಇಣುಕಿ ನೋಡಿಕೊಳ್ಳುವಂತಾಯಿತು.

ಎಲ್ಲರಿಗೂ ಈ ಧೈರ್ಯವಿರುವುದಿಲ್ಲ. ಒಮ್ಮೆ ಒಂದು ಸಮ್ಮೇಳನಕ್ಕೆಂದು ನಾನು ಬರೆದ ಭಾಷಣದ ಕರಡನ್ನು, ಆಗ ಕೆಲಸದಲ್ಲಿದ್ದ ಸಂಸ್ಥೆಯ ಹಿರಿಯರಿಗೆ ತೋರಿಸಬೇಕಾಯಿತು. ಪ್ರತಿ ಇದ್ದೂ ಅದು ತೆರೆಯದೆ ಒಂದು ಹಗಲು ಒಂದು ರಾತ್ರಿ ನಾವೆಲ್ಲ ಪಟ್ಟ ಪಾಡು ಅದರಲ್ಲಿತ್ತು. ಕರಡು ಹಿಂದಿರುಗಿದಾಗ ಆ ಭಾಗಕ್ಕೆಲ್ಲ ಅಡ್ಡಗೆರೆ. "ಗಿರಾಕಿಗಳು ಏನೆಂದುಕೊಂಡಾರು?" ಎಂಬುದು ಅವರ ಅಂಜಿಕೆ. ಉಳಿದದ್ದು ನಮ್ಮ ಸಾಧನೆಯ ವರ್ಣನೆ ಮಾತ್ರ. ಹೂರಣವಿಲ್ಲದ ಹೋಳಿಗೆಯನ್ನು ಯಾರಿಗೆ ಬಡಿಸುವುದು? ನಾನು ಆ ಭಾಷಣವನ್ನೇ ಹಿಂದಕ್ಕೆ ತೆಗೆದುಕೊಂಡೆ. ಎರಡು ವರ್ಷ ಕಳೆದ ಮೇಲೆ, ಸಂಸ್ಥೆಯ ಹೆಸರೂ ಗಿರಾಕಿಗಳ ಸುಳಿವೂ ಇರಕೂಡದೆಂಬ ಕರಾರಿನ ಮೇಲೆ, ಹೇಳಲು ಅನುಮತಿ ಸಿಕ್ಕಿತು. ಹೇಳಿದೆ.

ಸಭೆ ಮುಗಿದು ಕಾಫಿ ಕುಡಿಯುವ ಹೊತ್ತಿನಲ್ಲಿ ಒಬ್ಬ ತರುಣಿ ಬಂದು ವಿವರಗಳನ್ನು ಬಿಡಿಸಿ ಬಿಡಿಸಿ ಕೇಳಿದಳು. ಒಂದು ಆಸ್ಪತ್ರೆಯ ದಾಖಲೆಗಳು ಅವಳ ಕೈಯಲ್ಲಿದ್ದವು. ಹದಿನೈದು ದಿನದ ಮೇಲೆ ಅವಳ ಪತ್ರ ಬಂತು. "ಊರಿಗೆ ಬಂದೊಡನೆ ನಮ್ಮ ಪ್ರತಿಯನ್ನು ತೆರೆದು ನೋಡಿದೆ ಸರ್. ತೆರೆಯಲಿಲ್ಲ. ಎಂಟು ತಿಂಗಳಿಂದ ಹಾಗೆಯೇ ಇತ್ತು. ಈಗ ಸರಿಯಾಗಿದೆ" ಎಂದಿತ್ತು. ಯಾವ ರೋಗಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬುದು ಆ ಲೆಕ್ಕದಲ್ಲಿತ್ತು. ಅಂಥ ಲೆಕ್ಕ ಅಳಿದಿದ್ದರೆ ಏನಾಗುತ್ತಿತ್ತೆಂದು ನಾನು ಬೇರೆ ಹೇಳಬೇಕಾಗಿಲ್ಲ. ಅಡ್ಡಗೆರೆ ಎಳೆಸಿಕೊಂಡ ಮಾತು ಎರಡು ವರ್ಷ ತಡವಾಗಿಯಾದರೂ ಸೇರಬೇಕಾದಲ್ಲಿ ಸೇರಿತು. ಆ ಎರಡು ವರ್ಷಗಳಲ್ಲಿ ಸೇರದೆ ಹೋದ ಕಡೆಗಳೆಷ್ಟೋ!

ಈ ಮಾತಿನ ಧರ್ಮವನ್ನು ಈಗ ಶಾಸನವೂ ಒಂದು ಮಟ್ಟಿಗೆ ಒಪ್ಪಿದೆ. ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯಲ್ಲಿ, ಜನರ ವಿವರಗಳು ಸೋರಿಹೋದರೆ ಆ ಜನರಿಗೂ ನಿಯಮಿತ ಮಂಡಲಿಗೂ ಅದನ್ನು ತಿಳಿಸಬೇಕೆಂಬ ವಿಧಿಯಿದೆ. ಆದರೆ ಶಾಸನ ಹೇಳಿಸುವುದು ಆ ಜನರಿಗೂ ಮಂಡಲಿಗೂ ಮಾತ್ರ. ಏಕಾಯಿತು, ಇನ್ನು ಆಗದಂತೆ ಏನು ಮಾಡಬೇಕು ಎಂಬುದನ್ನು ಕಸುಬುದಾರರೇ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು.

ನಮ್ಮ ಕಸುಬಿನ ಈ ಪಾಠ ನಿಮ್ಮ ಮನೆಗೂ ಹೊಂದುತ್ತದೆ. ಮಕ್ಕಳ ಮದುವೆಯ ಚಿತ್ರಗಳು, ಮನೆಯ ಪತ್ರಗಳ ನಕಲು, ತೀರಿಹೋದ ತಾಯಿಯ ಧ್ವನಿ, ಎಲ್ಲ ಇಂದು ಒಂದು ಕೈಫೋನಿನಲ್ಲಿ ಕುಳಿತಿವೆ. ಮುಖ್ಯವಾದದ್ದಕ್ಕೆ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಮನೆಯಿಂದ ಹೊರಗೆ ಇರಲಿ. ಇದು ನಮ್ಮವರೆಲ್ಲ ಒಪ್ಪಿದ ಸೂತ್ರ. ಇದಕ್ಕೆ ನಾನೊಂದನ್ನು ಸೇರಿಸುತ್ತೇನೆ. ವರ್ಷಕ್ಕೊಮ್ಮೆ, ಆಯುಧಪೂಜೆಗೆ ಯಂತ್ರಗಳನ್ನು ಒರೆಸಿ ಕುಂಕುಮ ಹಚ್ಚುವ ದಿನವೇ ಆದರೂ ಸರಿ, ಆ ಪ್ರತಿಯನ್ನು ತೆರೆದು ನೋಡಿ. ತೆರೆದು ನೋಡದ ಪ್ರತಿ ಪ್ರತಿಯೇ ಅಲ್ಲ. ಅದು ನಂಬಿಕೆ ಮಾತ್ರ. ತೆರೆಯದೆ ಹೋದರೆ ನಾಚಬೇಡಿ. ಅದನ್ನು ನೆರೆಮನೆಯವರಿಗೂ ಹೇಳಿ. ಅವರೂ ಎದ್ದು ಹೋಗಿ ತಮ್ಮದನ್ನು ತೆರೆದು ನೋಡುತ್ತಾರೆ.