ಹಾಡು ಒಂದ, ಆ್ಯಪ್ ನಾಕು: ಸೌಂಡ್ ಯಾವುದರದು ಚಲೋ?

ಸ್ಪಾಟಿಫೈ, ಆಪಲ್ ಮ್ಯೂಸಿಕ್, ಯೂಟ್ಯೂಬ್ ಮ್ಯೂಸಿಕ್, ಜಿಯೋಸಾವನ್. ಇವು ನಾಕರಾಗ ಸೌಂಡ್ ಯಾವುದರದು ಚಲೋ? ಬೆಂಗಳೂರಿನ ಸ್ಟುಡಿಯೋದಾಗ ಅಲ್ರಿ, ನಮ್ಮ ಗಂಗಾವತಿ ಸೀಮಿ ಹೇಮಗುಡ್ಡದಾಗ ಕುಂತು ಕೇಳೋರ ಲೆಕ್ಕದಾಗ ನೋಡೋಣು.

ಮೊದಲು ಅಂಕಿ. ಸಿಡಿಯೊಳಗ ಒಂದು ಸೆಕೆಂಡಿನ ಹಾಡಿಗೆ 1,411 ಕಿಲೋಬಿಟ್ ಬೇಕು. ಕುಗ್ಗಿಸಿದ ಫೈಲಾದ್ರ, ಸ್ಪಾಟಿಫೈದಾಗ ರೊಕ್ಕ ಕೊಟ್ಟೋರಿಗೆ 320ರ ತನಕ, ಪುಕ್ಕಟೆ ಕೇಳೋರಿಗೆ 160ರ ತನಕ. ಜಿಯೋಸಾವನ್ ಪ್ರೋದಾಗ 320. ಯೂಟ್ಯೂಬ್ ಮ್ಯೂಸಿಕ್ ಹೈ ಇಟ್ಟರ 256. ಆಪಲ್ 2021ರ ಜೂನಿನಿಂದ ಅದ ಚಂದಾದೊಳಗ ಲಾಸ್‌ಲೆಸ್ ಕೊಡಾಕತ್ತೈತಿ. ಅಂದ್ರ ಒಂದು ಬಿಟ್ಟೂ ಕಳಿಯದ ಫೈಲ್. ಸ್ಪಾಟಿಫೈ ಲಾಸ್‌ಲೆಸ್ ಶುರು ಮಾಡಿದ್ದು 2025ರ ಸೆಪ್ಟೆಂಬರ್‌ನಾಗ.

320 ದೊಡ್ಡದು, 256 ಸಣ್ಣದು ಅನ್ನಬ್ಯಾಡ್ರಿ. ಫೈಲ್ ಕುಗ್ಗಿಸೋ ವಿಧಾನ ಒಂದೊಂದರದ್ದು ಒಂದೊಂದು. ಹಲಗಿ ಜೋರಾಗಿ ಬಡದಾಗ ಅದರ ಬೆನ್ನಿಗೆ ಬರೋ ಸಣ್ಣ ಸಪ್ಪಳ ನಮ್ಮ ಕಿವಿಗೆ ಬೀಳೂದಿಲ್ಲ. ಅಂಥಾದ್ದನ್ನ ಹುಡುಕಿ ತಗದು ಫೈಲ್ ಹಗುರ ಮಾಡ್ತಾರ. ತಗಿಯೂದು ಜಾಸ್ತಿ ಆದ್ರ ಮೊದಲು ಕೆಡೂದು ಭಜನಿ ತಾಳ. ಅದರ ಝಣಝಣ ನೀರಾಗ ಅದ್ದಿ ಬಾರಿಸಿದಂಗ ಕೇಳಸ್ತೈತಿ. ಎರಡು ಆ್ಯಪ್ ಹೋಲಿಸೋವಾಗ ದನಿಗಿಂತ ತಾಳ, ತಂಬೂರಿ ಮ್ಯಾಲೆ ಕಿವಿ ಇಡ್ರಿ.

ಈಗ ಹೇಮಗುಡ್ಡದ ಮಾತು. ಬಂಡಿಗುಡ್ಡದ ಮರಿಗೆ ಹೋದ್ರ ಸಿಗ್ನಲ್ ಇಳಿತೈತಿ. ಕ್ವಾಲಿಟಿ ‘ಆಟೋ’ ಇಟ್ಟಿದ್ರ ಆ್ಯಪ್ ನಿಮ್ಮನ್ನ ಕೇಳದ ಕೆಳಗ ಇಳಸ್ತೈತಿ. ಸ್ಪಾಟಿಫೈದಾಗ ಎಲ್ಲಕಿಂತ ಕೆಳಗಿನ ಮೆಟ್ಟಲು ಬರೇ 24 ಕಿಲೋಬಿಟ್. 320ರ ಆ್ಯಪಿಗೆ ರೊಕ್ಕ ಕಟ್ಟಿ 24ರಾಗ ಕೇಳಿದ್ರ ಏನು ಬಂತ್ರಿ? ಗಂಗಾವತಿಯೊಳಗ ಇದ್ದಾಗ ಡೌನ್‌ಲೋಡ್ ಮಾಡ್ಕೋರಿ. 320ರಾಗ ಒಂದು ತಾಸಿನ ಹಾಡು 144 ಎಂಬಿ, ಅಷ್ಟ.

ಇನ್ನ ಬ್ಲೂಟೂತ್. ಫೋನಿನೊಳಗ ಲಾಸ್‌ಲೆಸ್ ಇದ್ರೂ, ಸಾದಾ ಬ್ಲೂಟೂತ್ ಅದನ್ನ ಮತ್ತೊಮ್ಮೆ ಕುಗ್ಗಿಸಿ ಕಳಸ್ತೈತಿ. ಎಸ್‌ಬಿಸಿ ಅನ್ನೋ ಮಾಮೂಲಿ ವಿಧಾನದಾಗ ಹೆಚ್ಚಂದ್ರ 328ರ ಹತ್ರ. ಎಲ್‌ಡ್ಯಾಕ್ ಅನ್ನೋ ವಿಧಾನ ಇದ್ದರ 990ರ ತನಕ. ಪೂರಾ ಬೇಕಂದ್ರ ವೈರ್ ಹಾಕ್ಬೇಕು.

ಮೂಲ ರೆಕಾರ್ಡಿಂಗೂ ನೋಡ್ರಿ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಾಗ ಗ್ರಾಮಫೋನ್ ತಟ್ಟಿಗೆ ಹಾಡಿದಾರ. ಒಂದು ಮಗ್ಗಲಿಗೆ ಮೂರು ಮಿನಿಟಿನ ಆಸುಪಾಸು. ಅವತ್ತಿನ ಯಂತ್ರ ಹಿಡಿದಷ್ಟ ಅದರಾಗ ಐತಿ; ಲಾಸ್‌ಲೆಸ್ ಮಾಡಿದ್ರ ಹೊಸದೇನೂ ಸೇರೂದಿಲ್ಲ. ಕ್ಯಾಸೆಟ್ಟಿನಿಂದ ಇಳಿಸಿದ ಭಜನಿಪದಕ್ಕೂ ಇದ ಮಾತು. ಹಳೇ ಹಾಡಿಗೆ ಆ್ಯಪಿಗಿಂತ ಆಲ್ಬಮ್ ಹುಡುಕ್ರಿ. ಅದ ಹಾಡನ್ನ ಒಬ್ಬರು ಚಲೋ ತಟ್ಟಿಯಿಂದ ಇಳಿಸಿರ್ತಾರ, ಇನ್ನೊಬ್ಬರು ಸರಸರ ಸಪ್ಪಳ ತಗಿಯೋಕ ಹೋಗಿ ದನಿನೂ ಒರಸಿರ್ತಾರ.

ನೀವ ಪರೀಕ್ಷೆ ಮಾಡ್ತೀರೇನು? ಜೋರು ಕೇಳಿದ್ದನ್ನ ಚಲೋ ಅನ್ನೂದು ಕಿವಿಯ ಚಾಳಿ. ಸ್ಪಾಟಿಫೈ ಎಲ್ಲಾ ಹಾಡನ್ನೂ ಒಂದ ಮಟ್ಟಕ್ಕ ತರ್ತೈತಿ, ಆಪಲ್ಲಿನ ಸೌಂಡ್ ಚೆಕ್ ಅದಕ್ಕಿಂತ ತುಸು ಕೆಳಗ ಇಡ್ತೈತಿ. ಎರಡೂ ಬಂದ್ ಮಾಡ್ರಿ, ಈಕ್ವಲೈಝರೂ ಬಂದ್. ಒಂದ ಫೋನು, ಒಂದ ಇಯರ್‌ಫೋನು, ಅದ ಆಲ್ಬಮ್ಮಿನ ಅದ ಹಾಡು. ಗೆಳೆಯ ನಿಮಗ ಹೇಳದಂಗ ಆ್ಯಪ್ ಬದಲಿಸ್ಲಿ, ನೀವು ಕಣ್ಣು ಮುಚ್ಚಿ ಯಾವುದಂತ ಹೇಳ್ರಿ. ಹತ್ತರಾಗ ಐದಾರು ಸರಿ ಬಂದ್ರ ಅದು ನಾಣ್ಯ ಚಿಮ್ಮಿದ್ದಕ್ಕ ಸಮ. ಒಂಬತ್ತು ಬಂದ್ರ ಫರಕು ಖರೇ ಐತಿ.

ನನ್ನ ತೀರ್ಪು ಇಷ್ಟ. ಬ್ಲೂಟೂತ್ ಸ್ಪೀಕರ್‌ನಾಗ ಕೇಳೋರಿಗೆ ಈ ನಾಕೂ ಸಾಕು, ನಿಮ್ಮ ಹಾಡು ಎಲ್ಲಿ ಸಿಗ್ತೈತೋ ಅಲ್ಲೇ ಕೇಳ್ರಿ. ಚಲೋ ವೈರ್ ಇಯರ್‌ಫೋನು, ಚಲೋ ರೆಕಾರ್ಡಿಂಗು ಎರಡೂ ಇದ್ದೋರು ಮಾತ್ರ ಲಾಸ್‌ಲೆಸ್ ವಿಚಾರ ಮಾಡ್ರಿ. ಆದ್ರ ಯಾರ ಇರ್ರಿ, ಇವತ್ತ ಸೆಟ್ಟಿಂಗ್ಸಿಗೆ ಹೋಗಿ ಆ ‘ಆಟೋ’ ತಗದುಬಿಡ್ರಿ. ಅದಕ್ಕ ಪೈಸಾ ಖರ್ಚಿಲ್ಲ.